ಪ್ಯಾರಿಸ್‌ಗೆ ಆರು ತಿಂಗಳು, ಬಾದಾಮಿಗೆ ಅರ್ಧ ದಿನ

ಯುರೋಪ್‌ಗೆ ಹೊರಟವರು ನನ್ನ ಟೇಬಲ್ ಮೇಲೆ ಇಡುವ ಫೈಲ್ ದಪ್ಪಗಿರುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ಸ್, ಆಫೀಸಿನ ರಜೆ ಪತ್ರ, 30,000 ಯೂರೋ ಇನ್ಶೂರೆನ್ಸ್. ಷೆಂಗೆನ್ ವೀಸಾ ಶುಲ್ಕ ದೊಡ್ಡವರಿಗೆ ತಲಾ 90 ಯೂರೋ. ವೀಸಾ ಸಿಗದಿದ್ದರೆ ಆ ದುಡ್ಡು ಹೋದಂತೆಯೇ. ಆದರೂ ಆರು ತಿಂಗಳು ಮೊದಲೇ ತಯಾರಿ ಶುರುವಾಗುತ್ತದೆ. ಯಾವ ಮ್ಯೂಸಿಯಂ ಯಾವ ದಿನ ರಜೆ ಅನ್ನುವುದೂ ಅವರಿಗೆ ಗೊತ್ತಿರುತ್ತದೆ.

ಪ್ರವಾಸ ಏರ್ಪಡಿಸುವುದು ನನ್ನ ಕೆಲಸ. ಹೊರದೇಶಕ್ಕೂ ಕಳಿಸುತ್ತೇನೆ, ಒಳದೇಶಕ್ಕೂ ಕರೆದುಕೊಂಡು ಹೋಗುತ್ತೇನೆ. ಹೊರದೇಶ ನೋಡಬೇಡಿ ಅಂತ ನಾನು ಯಾರಿಗೂ ಹೇಳಿಲ್ಲ. ಆದರೆ ಒಂದು ಮಾತು ಮಾತ್ರ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. 'ನಮ್ಮಲ್ಲಿ ಏನಿದೆ ಸರ್ ನೋಡೋಕೆ? ಬಾದಾಮಿಗೂ ಹೋಗಿದ್ವಿ, ಅರ್ಧ ದಿನದಲ್ಲಿ ಮುಗೀತು.'

ಹೇಗೆ ಹೋಗಿದ್ರಿ ಅಂತ ಕೇಳಿದರೆ ವಿಷಯ ಹೊರಗೆ ಬರುತ್ತದೆ. ಮೇ ತಿಂಗಳ ರಜೆ. ರಾತ್ರಿಯಿಡೀ ಕಾರು. ಮಧ್ಯಾಹ್ನ ಹನ್ನೆರಡಕ್ಕೆ ಗುಹೆ, ಎರಡಕ್ಕೆ ಪಟ್ಟದಕಲ್ಲು, ನಾಲ್ಕಕ್ಕೆ ಐಹೊಳೆ, ಸಂಜೆ ವಾಪಸ್. ಪ್ಯಾರಿಸ್‌ನಲ್ಲೂ ಹೀಗೆ ಓಡಿದರೆ ಏನೂ ಕಾಣಿಸುವುದಿಲ್ಲ, ಅಲ್ವಾ?

ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಬಸ್ ತುಂಬ ಜನರನ್ನು ಬಿರುಬೇಸಗೆಯಲ್ಲಿ ಪಟ್ಟದಕಲ್ಲಿಗೆ ಕರೆದುಕೊಂಡು ಹೋಗಿದ್ದೆ. ಕಲ್ಲು ಕಾದು ಕೆಂಡವಾಗಿತ್ತು. ವಿರೂಪಾಕ್ಷ ದೇವಸ್ಥಾನದಲ್ಲಿ ಈಗಲೂ ಪೂಜೆ ನಡೆಯುತ್ತದೆ, ಚಪ್ಪಲಿ ಬಿಟ್ಟೇ ಹೋಗಬೇಕು. ಮಕ್ಕಳು ಅಳುತ್ತಾ ಬಸ್ ಹತ್ತಿದರು. ದೊಡ್ಡವರು ಫೋಟೊ ತೆಗೆದುಕೊಂಡು ಹಿಂದೆಯೇ ಬಂದರು. ಅಷ್ಟು ದೂರ ಕರೆದುಕೊಂಡು ಹೋಗಿ ಏನೂ ತೋರಿಸದೆ ಕರೆತಂದೆನಲ್ಲ ಅನ್ನೋ ನೋವು ಇವತ್ತಿಗೂ ಇದೆ.

ಅಲ್ಲಿಂದ ನನ್ನ ಲೆಕ್ಕ ಬದಲಾಯಿತು. ಈಗ ಬಾದಾಮಿ ಸುತ್ತಲಿಗೆ ನಾಲ್ಕು ದಿನಕ್ಕಿಂತ ಕಡಿಮೆ ಕೊಡುವವರಿಗೆ 'ಇನ್ನೊಮ್ಮೆ ಬನ್ನಿ' ಅನ್ನುತ್ತೇನೆ. ಅಕ್ಟೋಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಬೆಂಗಳೂರಿನಿಂದ ಸಂಜೆ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಬಾದಾಮಿ. ರೈಲಿನ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, ತೆರೆದ ದಿನವೇ ಮಾಡಿಸಿಬಿಡಿ. ಇದ್ದುದರಲ್ಲಿ ಚೆನ್ನಾಗಿರುವ ರೂಮುಗಳು ಕಡಿಮೆ, ಅದನ್ನೂ ಆಗಲೇ ಹಿಡಿದಿಡಿ. ತಿಂಡಿಯ ಕವರ್ ಕೈಯಲ್ಲಿ ಹಿಡಿದು ಗುಹೆ ಹತ್ತಬೇಡಿ, ಕೋತಿಗಳು ಬಿಡುವುದಿಲ್ಲ.

ಮೊದಲ ದಿನ ಗುಹೆಗಳು ಮಾತ್ರ. ಮೂರನೇ ಗುಹೆಯಲ್ಲಿ ಚಾಲುಕ್ಯ ಮನೆತನದ ಮಂಗಳೇಶನ ಶಾಸನವಿದೆ, ಕ್ರಿ.ಶ. 578ರದು. ಅದನ್ನು ಓದಿ ಹೇಳಬಲ್ಲ ಗೈಡ್ ಸಿಕ್ಕರೆ ದುಡ್ಡಿಗೆ ಚೌಕಾಸಿ ಮಾಡಬೇಡಿ. ಸಂಜೆ ಅಗಸ್ತ್ಯತೀರ್ಥದ ದಂಡೆಯಲ್ಲಿ ನಡೆದು ಭೂತನಾಥ ಗುಡಿಯ ಕಡೆ ಹೋಗಿ. ಇಳಿಬಿಸಿಲಿಗೆ ಇಡೀ ಕೆಂಪು ಬಂಡೆ ಹೊಳೆಯುತ್ತದೆ. ಆ ಒಂದು ಗಂಟೆಗೆ ಬೇರೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ.

ಎರಡನೇ ದಿನ ಪಟ್ಟದಕಲ್ಲು, ಬಾದಾಮಿಯಿಂದ 22 ಕಿ.ಮೀ. ಬೆಳಗ್ಗೆ ಬೇಗ ತಲುಪಿ. 1987ರಲ್ಲೇ ಯುನೆಸ್ಕೊ ಪಟ್ಟಿ ಸೇರಿದ ಜಾಗ ಇದು. ಉತ್ತರದ ನಾಗರ ಶೈಲಿಯ ಶಿಖರ, ದಕ್ಷಿಣದ ದ್ರಾವಿಡ ಶೈಲಿಯ ವಿಮಾನ (ಗರ್ಭಗುಡಿಯ ಮೇಲಿನ ಗೋಪುರ) ಒಂದೇ ಆವರಣದಲ್ಲಿ ಅಕ್ಕಪಕ್ಕ ನಿಂತಿವೆ. ಚಾಲುಕ್ಯ ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ವಿರೂಪಾಕ್ಷ ದೇವಸ್ಥಾನ ಕಟ್ಟಿಸಿದಳು. ಕಟ್ಟಿದ ಶಿಲ್ಪಿ ಗುಂಡನಿಗೆ 'ತ್ರಿಭುವನಾಚಾರಿ' ಅನ್ನೋ ಬಿರುದು ಕೊಟ್ಟದ್ದು ಅಲ್ಲಿನ ಶಾಸನದಲ್ಲೇ ಇದೆ. ಕೆಲವು ಶಿಲ್ಪಗಳ ಬಳಿ ಕೆತ್ತಿದವರ ಹೆಸರೂ ಇದೆ. ಸುಮ್ನೆ ಕಣ್ಣಾಡಿಸಿದರೆ ಆ ಅಕ್ಷರಗಳು ಕಾಣುವುದಿಲ್ಲ. ಕೂತು ಹುಡುಕಬೇಕು. ನಾನು ಮಕ್ಕಳಿಗೆ ಇದನ್ನೇ ಆಟವಾಗಿ ಕೊಡುತ್ತೇನೆ, ಹೆಸರು ಹುಡುಕಿದವರಿಗೆ ಕರದಂಟು.

ಊಟ ಬಾದಾಮಿ ಹತ್ತಿರದ ಬನಶಂಕರಿಯಲ್ಲಿ. ಗುಡಿಯ ಹತ್ತಿರ ಅವ್ವಂದಿರು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಚಟ್ನಿಪುಡಿ ತಂದು ಕೂತಿರುತ್ತಾರೆ. ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು.

ಮೂರನೇ ದಿನ ಐಹೊಳೆ. ಮೇಗುತಿಯ ಗುಡ್ಡ ಹತ್ತಿ ಕವಿ ರವಿಕೀರ್ತಿಯ ಶಾಸನ ನೋಡಿ, ಚಾಲುಕ್ಯ ರಾಜ ಇಮ್ಮಡಿ ಪುಲಕೇಶಿಯ ಕಥೆ ನಮಗೆ ಸಿಕ್ಕಿದ್ದು ಮುಖ್ಯವಾಗಿ ಅದರಿಂದ. ಅಲ್ಲಿಂದ ನಾಲ್ಕನೇ ದಿನ ಇಳಕಲ್. ನನ್ನ ಪ್ರವಾಸಿಗರು ಜಾಸ್ತಿ ಹೊತ್ತು ನಿಲ್ಲುವುದು ಇಲ್ಲೇ. ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ. ಮೈಯ ಹಾಸಿನ ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಸಾವಿರಾರು ಎಳೆ. ಒಮ್ಮೆ ಒಬ್ಬ ನೇಕಾರ ತಾಯಿ ನಮ್ಮ ಗುಂಪಿನ ಹುಡುಗಿಯ ಬೆರಳು ಹಿಡಿದು ಆ ಜೋಡಣೆಯ ಮೇಲೆ ಎಳೆದರು. 'ಮುಟ್ಟಿ ನೋಡ್ರೀ, ಎಲ್ಲೆರೆ ಗಂಟು ಸಿಗತೈತೇನ?' ಆ ಹುಡುಗಿ ಮಗ್ಗದ ಪಕ್ಕದಿಂದ ಮೇಲೇಳಲು ಮುಕ್ಕಾಲು ಗಂಟೆ ಬೇಕಾಯಿತು.

ತೊಂದರೆಗಳೂ ಇವೆ, ಮುಚ್ಚಿಡುವುದಿಲ್ಲ. ಶೌಚಾಲಯದ ಸ್ಥಿತಿ ಹಲವು ಕಡೆ ಚೆನ್ನಾಗಿಲ್ಲ. ಒಳ್ಳೆಯ ಗೈಡ್‌ಗಳು ಕಡಿಮೆ. ರಜೆಯ ಸಮಯದಲ್ಲಿ ಕಾಶ್ಮೀರ, ಅಂಡಮಾನ್‌ಗೆ ವಿಮಾನದ ದರ ಕೆಲವೊಮ್ಮೆ ಬ್ಯಾಂಕಾಕ್‌ಗಿಂತ ಜಾಸ್ತಿ ಇರುತ್ತದೆ. ಹೊರದೇಶವೇ ಅಗ್ಗ ಅನ್ನುವವರ ಮಾತು ಸುಳ್ಳಲ್ಲ. ಅದಕ್ಕೇ ನಾನು ಹೇಳುವುದು, ಉದ್ದ ವಾರಾಂತ್ಯ ಬಿಡಿ, ರೈಲು ಹಿಡಿಯಿರಿ, ಒಂದೇ ಊರಿನಲ್ಲಿ ನಿಲ್ಲಿ. ನಾಲ್ಕು ರಾಜ್ಯ ಹತ್ತು ದಿನದಲ್ಲಿ ಸುತ್ತುವ ಪ್ಯಾಕೇಜ್ ನಾನು ಮಾರುವುದನ್ನೇ ನಿಲ್ಲಿಸಿದ್ದೇನೆ.

ಇನ್ನೊಂದು ಉಪಾಯ ಇದೆ. ಜಾಗಗಳನ್ನು ಕಥೆಯಿಂದ ಜೋಡಿಸಿ. ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ, ಆದರೆ ಊರನ್ನು ಹಾಳುಮಾಡಲಿಲ್ಲ. ಕೈಲಾಸನಾಥ ದೇವಸ್ಥಾನದ ಸಂಪತ್ತನ್ನು ನೋಡಿ ದೇವರಿಗೇ ವಾಪಸ್ ಕೊಟ್ಟ. ಹಾಗಂತ ಕನ್ನಡದಲ್ಲಿ ಬರೆಸಿದ ಶಾಸನ ಇವತ್ತಿಗೂ ಕಂಚಿಯ ಆ ಗುಡಿಯಲ್ಲಿದೆ. ಅದಕ್ಕೂ ನೂರು ವರ್ಷ ಹಿಂದೆ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಗೆದ್ದಿದ್ದ, ಅವನ ಶಾಸನ ಬಾದಾಮಿಯ ಬಂಡೆಯ ಮೇಲಿದೆ. ಈ ವರ್ಷ ಬಾದಾಮಿ, ಮುಂದಿನ ವರ್ಷ ಕಂಚಿ ಅಂತ ಇಟ್ಟುಕೊಂಡರೆ ಎರಡೂ ಊರು ಹೊಸದಾಗಿಯೇ ಕಾಣುತ್ತವೆ.

'ಅರ್ಧ ದಿನದಲ್ಲಿ ಮುಗೀತು' ಅಂದಿದ್ದ ದಂಪತಿ ಕಳೆದ ಡಿಸೆಂಬರ್‌ನಲ್ಲಿ ಮಗಳ ಜೊತೆ ನಾಲ್ಕು ದಿನ ಬಾದಾಮಿಗೆ ಹೋಗಿ ಬಂದರು. ಮೊನ್ನೆ ಕಂಚಿಯಿಂದ ಫೋನ್ ಬಂತು. ದೇವಸ್ಥಾನದೊಳಗೆ ನಿಂತು ಮೇಡಂ ಕೇಳುತ್ತಿದ್ದರು, 'ಸರ್, ಆ ಕನ್ನಡ ಶಾಸನ ಯಾವ ಕಂಬದ ಮೇಲಿದೆ? ಇವಳು ಅದನ್ನ ನೋಡದೆ ಬರಲ್ಲ ಅಂತಿದ್ದಾಳೆ.'