ಬೈಸಿಕೊಂಡವರೇ ಚಪ್ಪಾಳೆ ತಟ್ಟುತ್ತಿದ್ದರು!

ಪ್ರಶ್ನೆ: ಅಮೆರಿಕದ ಹಾಸ್ಯಗಾರ ಡಾನ್ ರಿಕಲ್ಸ್ ದುಡ್ಡು ಕೊಟ್ಟು ಬಂದ ಪ್ರೇಕ್ಷಕರನ್ನೇ ಬೈಯುತ್ತಿದ್ದರಂತೆ. ಯಾರೂ ಎದ್ದು ಬಂದು ನಾಲ್ಕು ಬಾರಿಸಲಿಲ್ಲವೇ?

ಉತ್ತರ: ಬಾರಿಸುವಂಥ ಆಸಾಮಿಯೇ ಒಮ್ಮೆ ಬಂದಿದ್ದರು. 1957ರಲ್ಲಿ ಮಯಾಮಿ ಬೀಚ್‌ನ ಕ್ಲಬ್ಬಿಗೆ ಗಾಯಕ ಫ್ರಾಂಕ್ ಸಿನಾತ್ರಾ ಕಾಲಿಟ್ಟರು. ಹಾಡಿಗೆ ಎಷ್ಟು ಹೆಸರೋ, ಮುಂಗೋಪಕ್ಕೂ ಹೊಡೆದಾಟಕ್ಕೂ ಅಷ್ಟೇ ಹೆಸರು. ವೇದಿಕೆಯ ಮೇಲಿದ್ದ ರಿಕಲ್ಸ್, 'ಬನ್ನಿ ಫ್ರಾಂಕ್, ನಿಮ್ಮ ಮನೇನೇ ಅಂದ್ಕೊಳ್ಳಿ. ಯಾರಿಗಾದ್ರೂ ಒಂದು ಬಿಗೀರಿ!' ಎಂದುಬಿಟ್ಟರು. ಸಿನಾತ್ರಾ ಬಿದ್ದು ಬಿದ್ದು ನಕ್ಕರು. ಮುಂದೆ ಗೆಳೆಯರನ್ನೆಲ್ಲ ಕರೆತಂದರು.

ಬೈಯುವುದು ರಿಕಲ್ಸ್ ಹಾಕಿಕೊಂಡಿದ್ದ ಯೋಜನೆಯಲ್ಲ. 1926ರಲ್ಲಿ ನ್ಯೂಯಾರ್ಕ್‌ನ ಯಹೂದಿ ಮನೆಯಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ನೌಕಾಪಡೆಯಲ್ಲಿ ದುಡಿದು, ನಟನೆ ಕಲಿತರು. ಪಾತ್ರಗಳು ಸಿಗಲಿಲ್ಲ. ಹೊಟ್ಟೆಪಾಡಿಗೆ ಕ್ಲಬ್‌ಗಳಲ್ಲಿ ಜೋಕು ಹೇಳತೊಡಗಿದಾಗ, ಬರೆದುಕೊಂಡು ಹೋದ ಜೋಕಿಗಿಂತ ಕುಟುಕಿದ ಪ್ರೇಕ್ಷಕನಿಗೆ ತಿರುಗಿಸಿ ಕೊಟ್ಟ ಮಾತಿಗೇ ಜನ ಹೆಚ್ಚು ನಕ್ಕರು. ಆ ದಾರಿಯನ್ನೇ ಹಿಡಿದರು. 1959ರಿಂದ ಲಾಸ್ ವೇಗಸ್‌ನ ಸಹಾರಾ ಹೋಟೆಲಿನ ನಡುರಾತ್ರಿಯ ಪ್ರದರ್ಶನಕ್ಕೆ ತಾರೆಯರೇ ಬಂದು ಕೂರುತ್ತಿದ್ದರು. ರಿಕಲ್ಸ್ ಬಾಯಿಗೆ ಬೀಳದಿದ್ದರೆ ಅದೇ ಅವಮಾನ!

ನಮ್ಮ ಬೀಗರ ಹಾಡು ನೆನಪಿಸಿಕೊಳ್ಳಿ. ಬೀಗಿತ್ತಿಯ ನಡಿಗೆಯಿಂದ ಹಿಡಿದು ಊಟದವರೆಗೂ ಆಡಿಕೊಂಡರೂ ಆಕೆ ಎಲೆ ಬಿಟ್ಟು ಏಳುವುದಿಲ್ಲ. ರಿಕಲ್ಸ್ ಬೈಗುಳದಲ್ಲೂ ಅಂಥ ಸಲುಗೆಯಿತ್ತು. ದೊಡ್ಡವರನ್ನು ಮೊದಲು ಹಿಡಿದುಕೊಳ್ಳುತ್ತಿದ್ದರು, ತಮ್ಮನ್ನೂ ಬಿಡುತ್ತಿರಲಿಲ್ಲ, ಕೊನೆಯಲ್ಲಿ ದನಿ ಇಳಿಸಿ ನಾಲ್ಕು ಒಳ್ಳೆಯ ಮಾತಾಡುತ್ತಿದ್ದರು. ಅವರ ಮೆಚ್ಚಿನ ಬೈಗುಳ 'ಹಾಕಿ ಪಕ್' — ಐಸ್ ಹಾಕಿಯ ರಬ್ಬರ್ ಬಿಲ್ಲೆ. ಅದನ್ನು ಕೇಳಿ ಯಾರು ತಾನೇ ಕೋಪಿಸಿಕೊಂಡಾರು? ಟಿವಿಯಲ್ಲಿ ಹರಟೆ ಕಾರ್ಯಕ್ರಮ ನಡೆಸುತ್ತಿದ್ದ ಜಾನಿ ಕಾರ್ಸನ್, ರಿಕಲ್ಸ್‌ರನ್ನು ವ್ಯಂಗ್ಯವಾಗಿ 'ಮಿಸ್ಟರ್ ವಾರ್ಮ್ತ್', ಅಂದರೆ ಅಕ್ಕರೆಯ ಮೂರ್ತಿ, ಎಂದು ಕರೆದರು. ಆ ಹೆಸರೇ ನಿಂತಿತು.

ಎಲ್ಲರಿಗೂ ಹಿಡಿಸಿತೆಂದಲ್ಲ. ಕರಿಯರು, ಏಷ್ಯಾದವರು, ಯಹೂದಿಗಳು ಎಂದು ಜನಾಂಗ ಹಿಡಿದು ಆಡಿದ ಮಾತುಗಳಿಗೆ ಆಕ್ಷೇಪಗಳು ಬಂದವು. 1968ರ ಅವರ ಧ್ವನಿಮುದ್ರಿಕೆಯನ್ನು ಈಗ ಕೇಳಿದರೆ ನನಗೂ ಅಲ್ಲಲ್ಲಿ ನಗು ಗಂಟಲಲ್ಲೇ ನಿಲ್ಲುತ್ತದೆ. ಕಣ್ಣು ಮಿಟುಕಿಸುವ ಆ ಮುಖ ಕಾಣದಿದ್ದರೆ ಉಳಿಯುವುದು ಬರೀ ಬೈಗುಳ. ಮಕ್ಕಳಿಗೆ ಮಾತ್ರ ಆ ಮುಖ ಬೇಕಾಗಲಿಲ್ಲ: 'ಟಾಯ್ ಸ್ಟೋರಿ' ಎಂಬ ಆ್ಯನಿಮೇಷನ್ ಸಿನಿಮಾದಲ್ಲಿ ಸದಾ ಗೊಣಗುವ ಆಲೂಗಡ್ಡೆ ಗೊಂಬೆಯ ದನಿ ಅವರದೇ. 2017ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು.