ಬದಲಾದಷ್ಟನ್ನೇ ಕಳಿಸುವ ಆರ್‌ಸಿಂಕ್

ಜಾಲದಲ್ಲಿರುವ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಡತವನ್ನು ನಕಲಿಸಲು ಎಸ್‌ಸಿಪಿ ಎಂಬ ಆದೇಶ ಸಾಕು. ಆದರೆ 10 ಗಿಗಾಬೈಟ್ ಕಡತದಲ್ಲಿ ಒಂದೇ ಸಾಲು ಬದಲಾಗಿದ್ದರೂ ಅದು ಇಡೀ ಕಡತವನ್ನು ಮತ್ತೆ ಹೊತ್ತೊಯ್ಯುತ್ತದೆ. ಈ ದಂಡದ ದುಡಿಮೆಯನ್ನು ತಪ್ಪಿಸಲು ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ 1996ರಲ್ಲಿ ಆರ್‌ಸಿಂಕ್ ತಂತ್ರಾಂಶವನ್ನು ಹೊರತಂದರು. ಅದರ ಗಣಿತವನ್ನು ಟ್ರಿಜೆಲ್ 1999ರ ತಮ್ಮ ಪಿಎಚ್‌.ಡಿ. ಪ್ರಬಂಧದಲ್ಲಿ ವಿವರಿಸಿದ್ದಾರೆ.

ಹಳೆಯ ಪ್ರತಿ ಒಂದು ಯಂತ್ರದಲ್ಲಿ, ಹೊಸದು ಮತ್ತೊಂದರಲ್ಲಿ ಇರುವಾಗ ಎರಡನ್ನೂ ಎದುರುಬದುರು ಇಟ್ಟು ಹೋಲಿಸುವಂತಿಲ್ಲ. ಹಾಗಾಗಿ ಪಡೆಯುವ ಯಂತ್ರವು ತನ್ನ ಹಳೆಯ ಪ್ರತಿಯನ್ನು ಸಮಾನ ಗಾತ್ರದ ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿಗೂ ಎರಡು ಚೆಕ್‌ಸಮ್‌ಗಳನ್ನು, ಅಂದರೆ ಅದರ ಬೈಟುಗಳಿಂದ ಲೆಕ್ಕಹಾಕಿದ ಗುರುತಿನ ಚಿಕ್ಕ ಸಂಖ್ಯೆಗಳನ್ನು, ಲೆಕ್ಕ ಹಾಕಿ ಕಳಿಸುತ್ತದೆ: ಒಂದು ಬೇಗ ಲೆಕ್ಕ ಸಿಗುವಂಥದು, ಇನ್ನೊಂದು ಸುಲಭಕ್ಕೆ ಮೋಸಹೋಗದಂಥದು. ಕಳಿಸುವ ಯಂತ್ರವು ಹೊಸ ಪ್ರತಿಯಲ್ಲಿ ಅಷ್ಟೇ ಅಗಲದ ಭಾಗವನ್ನು ಒಂದೊಂದೇ ಬೈಟ್ ಸರಿಸುತ್ತ ಹೊಂದಿಕೆ ಹುಡುಕುತ್ತದೆ. ಇಷ್ಟು ಹುಡುಕಾಟ ದುಬಾರಿಯಾಗದಿರಲು ಕಾರಣ ಮೊದಲ ಚೆಕ್‌ಸಮ್‌ನ ರಚನೆ. ಒಂದು ಬೈಟ್ ಮುಂದೆ ಸರಿದಾಗ, ಹಿಂದೆ ಬಿಟ್ಟ ಬೈಟಿನ ಪಾಲನ್ನು ಕಳೆದು ಹೊಸದರ ಪಾಲನ್ನು ಕೂಡಿದರೆ ಮುಂದಿನ ಮೊತ್ತ ಸಿದ್ಧ. ಕಡತದ ಆರಂಭದಲ್ಲೇ ಒಂದು ಅಕ್ಷರ ಸೇರಿ ಉಳಿದದ್ದೆಲ್ಲ ಜರುಗಿದ್ದರೂ ಹಳೆಯ ತುಂಡುಗಳು ಗುರುತು ಸಿಗುತ್ತವೆ. ಹೊಂದಿಕೆಯಾದ ತುಂಡಿನ ಸಂಖ್ಯೆ ಮತ್ತು ಹೊಂದದ ಬೈಟುಗಳಷ್ಟೇ ಜಾಲದಲ್ಲಿ ಸಾಗುತ್ತವೆ. ಎರಡೂ ಪ್ರತಿಗಳು ಒಂದೇ ಯಂತ್ರದಲ್ಲಿದ್ದರೆ ಆರ್‌ಸಿಂಕ್ ಈ ಗೊಡವೆಗೆ ಹೋಗದೆ ಇಡೀ ಕಡತವನ್ನೇ ನಕಲಿಸುತ್ತದೆ.

ಆದರೆ ಯಾವ ಕಡತ ಬದಲಾಗಿದೆ ಎಂಬ ತೀರ್ಮಾನಕ್ಕೆ ಅದು ಸಾಮಾನ್ಯವಾಗಿ ನೋಡುವುದು ಗಾತ್ರ ಮತ್ತು ತಿದ್ದಿದ ಸಮಯವನ್ನು ಮಾತ್ರ. ಆದೇಶದ ಜೊತೆ ಸೇರಿಸುವ ಸಣ್ಣಕ್ಷರದ 'ಟಿ' ಆಯ್ಕೆ, ಇಲ್ಲವೇ ಅದನ್ನು ಒಳಗೊಂಡ 'ಎ' ಇಲ್ಲದಿದ್ದರೆ ಮೂಲದ ಸಮಯ ನಕಲಿಗೆ ದಾಟುವುದಿಲ್ಲ. ಆಗ ಮುಂದಿನ ಸಲ ಬದಲಾಗದ ಕಡತವೂ ಬದಲಾದಂತೆ ತೋರುತ್ತದೆ. ಸಮಯವನ್ನೇ ನಂಬದವರಿಗೆ ಇಡೀ ಕಡತಗಳ ಚೆಕ್‌ಸಮ್ ಹೋಲಿಸುವ 'ಸಿ' ಇದೆ, ಆದರೆ ಅದು ಎರಡೂ ಕಡೆಯ ಡಿಸ್ಕ್‌ಗಳನ್ನು ಓದಿಸುವುದರಿಂದ ದಿನನಿತ್ಯದ ಬಳಕೆಗೆ ಅತಿಯೆಂದೇ ನನ್ನ ಅಭಿಪ್ರಾಯ.

ನಿಜವಾಗಿ ಹೆದರಬೇಕಾದದ್ದು 'ಡಿಲೀಟ್' ಆಯ್ಕೆಗೆ. ಮೂಲದಲ್ಲಿ ಇಲ್ಲದ್ದನ್ನು ಅದು ಗುರಿಯಲ್ಲೂ ಅಳಿಸುತ್ತದೆ. ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಓರೆಗೆರೆ (/) ಹಾಕಿದರೆ ಅದರ ಒಳಗಿನದಷ್ಟೇ ಸಾಗುತ್ತದೆ, ಹಾಕದಿದ್ದರೆ ಫೋಲ್ಡರೇ ಸಾಗುತ್ತದೆ. ಆದ್ದರಿಂದ ಬೇಡದ ಕಡೆ ಬಿದ್ದ ಒಂದು ಗೆರೆಯಿಂದ ಗುರಿಯಲ್ಲಿದ್ದ ಸಂಬಂಧವಿಲ್ಲದ ಫೋಲ್ಡರುಗಳೆಲ್ಲ ಅಳಿಸಿಹೋಗಬಹುದು. ಮೊದಲು 'ಎನ್' ಸೇರಿಸಿ ನಡೆಸಿದರೆ ಆರ್‌ಸಿಂಕ್ ಏನನ್ನೂ ಮುಟ್ಟದೆ, 'ವಿ' ಜೊತೆಗಿದ್ದರೆ ಅಳಿಸಲಿರುವ ಕಡತಗಳ ಹೆಸರುಗಳನ್ನು ತೆರೆಯ ಮೇಲೆ ತೋರಿಸುತ್ತದೆ.