ಹತ್ತನೇ ಕ್ಲಾಸಿನಲ್ಲಿ ಹನ್ನೊಂದು ಮಕ್ಕಳು

ಮೊನ್ನೆ ಮಳೆಗಾಲ ಶುರುವಾದಾಗ ನಾನು ಓದಿದ ಸರ್ಕಾರಿ ಹೈಸ್ಕೂಲಿಗೆ ಹೋಗಿದ್ದೆ. ಶಿವಮೊಗ್ಗ ಜಿಲ್ಲೆಯ ಹೊಸನಗರ ಸೀಮೆಯ ಒಳಗಿನ ಊರು. ನಮ್ಮ ಕಾಲದಲ್ಲಿ ಒಂದು ಬೆಂಚಿಗೆ ಐದು ಜನ ಒತ್ತಿಕೊಂಡು ಕೂರುತ್ತಿದ್ದೆವು. ಈಗ ಹತ್ತನೇ ಕ್ಲಾಸಿನಲ್ಲಿರುವುದು ಹನ್ನೊಂದೇ ಮಕ್ಕಳು. ಮಳೆ ಜೋರಾದರೆ ಹೆಂಚಿನ ಸದ್ದಿಗೆ ಪಾಠ ಕೇಳಿಸುವುದಿಲ್ಲ. ಆಗ ಮೇಷ್ಟ್ರು ಮಾತು ನಿಲ್ಲಿಸಿ ಬೋರ್ಡಿನ ಮೇಲೆ ಬರೆಯುತ್ತಾ ಹೋಗುತ್ತಾರೆ. ಅದೊಂದು ಮಾತ್ರ ಹಾಗೇ ಇದೆ. ಶಾಲೆ ಇನ್ನೆಷ್ಟು ವರ್ಷ ಇರುತ್ತದೋ ಎಂಬ ಭಯ ಊರಿನವರೆಲ್ಲರಿಗೂ ಇದೆ.

ಮಕ್ಕಳು ಕಡಿಮೆಯಾದರು ಎಂದು ಸುಮ್ನೆ ಹೇಳಿಬಿಡಬಹುದು. ಆದರೆ ಮಲೆನಾಡಿನಲ್ಲಿ ಮಕ್ಕಳು ಯಾವತ್ತೂ ಒಂದೇ ಕಡೆ ಗುಂಪಾಗಿ ಇದ್ದವರಲ್ಲ. ಬಯಲುಸೀಮೆಯಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಇಲ್ಲಿ ಒಂದು ಮನೆ, ಎದುರಿಗೆ ಅಡಿಕೆ ತೋಟ, ಹಿಂದೆ ಗುಡ್ಡ. ಮುಂದಿನ ಮನೆ ಹಳ್ಳ ದಾಟಿದ ಮೇಲೆ. ದಾಖಲೆಯಲ್ಲಿ ಒಂದೇ ಗ್ರಾಮ, ನಡೆದು ನೋಡಿದರೆ ಏಳೆಂಟು ಮಜರೆ. ಇಂಥ ಕಡೆ ಒಂದು ಹೈಸ್ಕೂಲು ತುಂಬಬೇಕಾದರೆ ಎಷ್ಟು ದೂರದಿಂದ ಮಕ್ಕಳು ಬರಬೇಕು, ಅಲ್ವಾ?

ಮೊದಲಿಗೆ ಆ ಹೈಸ್ಕೂಲೇ ಇರಲಿಲ್ಲ. ಕುಪ್ಪಳಿಯ ಹುಡುಗ ಕುವೆಂಪು ತೀರ್ಥಹಳ್ಳಿಯಲ್ಲಿ ಓದಿ, ಹೈಸ್ಕೂಲಿಗೆ ಮೈಸೂರಿನ ವೆಸ್ಲಿಯನ್ ಶಾಲೆ ಸೇರಬೇಕಾಯಿತು. ಅದು ಅನುಕೂಲವಂತ ಮನೆತನ, ಕಳಿಸಿತು. ಗೇಣಿ ಮಾಡುವವರ ಮಕ್ಕಳು ಅಷ್ಟು ದೂರ ಹೋಗುವ ಮಾತೇ ಇರಲಿಲ್ಲ. ಬೆಳೆದ ಭತ್ತದಲ್ಲಿ ಒಡೆಯರ ಪಾಲು ಅಳೆದು ಕೊಟ್ಟ ಮೇಲೆ ಉಳಿದದ್ದು ಹೊಟ್ಟೆಗೇ ಸಾಲುತ್ತಿರಲಿಲ್ಲ. ದನ ಕಾಯಲು, ನಾಟಿಗೆ, ಕೊಯ್ಲಿಗೆ ಮಕ್ಕಳ ಕೈ ಬೇಕಿತ್ತು.

ಹಾಗಾಗಿ ನಮ್ಮ ಕಡೆ ಹೈಸ್ಕೂಲಿನ ಕಥೆಯನ್ನು ಜಮೀನಿನ ಕಥೆಯಿಂದ ಬಿಡಿಸಿ ಹೇಳಲು ಬರುವುದಿಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು, ಉಳುವವರಿಗೆ ಹೊಲ ಸಿಕ್ಕಿತು. ನಮ್ಮ ಮನೆಯಲ್ಲಿ ಮೊದಲು ಹೈಸ್ಕೂಲಿಗೆ ಹೋದವರು ಅಪ್ಪ. ಅಜ್ಜನ ಗೇಣಿ ಗದ್ದೆ ಸ್ವಂತದ್ದಾದ ಮೇಲೆಯೇ ಅದು ಆದದ್ದು. ಆಮೇಲೆ ನಮ್ಮೂರಿಗೂ ಹೈಸ್ಕೂಲು ಬೇಕು ಎಂದು ಜನ ಓಡಾಡಿದರು. ಒಬ್ಬರು ಜಾಗ ಬಿಟ್ಟುಕೊಟ್ಟರು. ಕೆಲವರು ಮರ ಕೊಟ್ಟರು, ಅಡಿಕೆ ಮಾರಿದ ದುಡ್ಡಲ್ಲಿ ಹೆಂಚು ಬಂತು. ಕೊಡಲು ಏನೂ ಇಲ್ಲದವರು ಮಣ್ಣು ಹೊತ್ತರು. ಶಾಲೆ ಮುಚ್ಚುವ ಮಾತು ಬಂದರೆ ಊರಿನ ಹಿರಿಯರ ಕಣ್ಣು ಯಾಕೆ ತುಂಬುತ್ತದೆ ಎನ್ನುವುದು ಇದನ್ನು ತಿಳಿದವರಿಗೆ ಅರ್ಥವಾಗುತ್ತದೆ.

ಶರಾವತಿ ಕಣಿವೆಯವರ ಪಾಡು ಬೇರೆಯೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನಾಡಿಗೆ ಬೆಳಕು ಬಂತು, ಕಣಿವೆಯ ಊರುಗಳು ನೀರೊಳಗೆ ಹೋದವು. ತುಮರಿ ಕಡೆಯವರು ಹಿನ್ನೀರಿನ ಆಚೆ ಉಳಿದರು. ಸಾಗರಕ್ಕೆ ಬರಲು ಲಾಂಚ್ ಹಿಡಿಯಬೇಕಿತ್ತು. ಸಂಜೆಯ ಕೊನೇ ಲಾಂಚ್ ತಪ್ಪಿದರೆ ಆ ದಡದಲ್ಲೇ ರಾತ್ರಿ. ಅಲ್ಲಿನ ಮಕ್ಕಳಿಗೆ ಪೇಟೆಯ ಹೈಸ್ಕೂಲು ನಕ್ಷೆಯಲ್ಲಿ ಹತ್ತಿರ, ದಾರಿಯಲ್ಲಿ ಬಹಳ ದೂರವಾಗಿತ್ತು. ಅಂಬಾರಗೋಡ್ಲು-ಕಳಸವಳ್ಳಿ ನಡುವಿನ ಸೇತುವೆ ತೆರೆದದ್ದು 2025ರ ಜುಲೈ 14ರಂದು. ಅಣೆಕಟ್ಟು ಮುಗಿದು 61 ವರ್ಷಗಳ ಮೇಲೆ! ಅಷ್ಟರಲ್ಲಿ ಎಷ್ಟು ಮಕ್ಕಳ ಓದು ಆ ದಡದಲ್ಲೇ ನಿಂತಿರಬೇಕು ಎಂದು ನೆನೆದರೆ ಸಂಕಟವಾಗುತ್ತದೆ.

ದೂರ ಕಡಿಮೆ ಮಾಡುವ ಪ್ರಯತ್ನಗಳು ನಡೆದೇ ಇಲ್ಲ ಎನ್ನಲಾರೆ. 2006-07ರಲ್ಲಿ ಎಂಟನೇ ಕ್ಲಾಸಿನ ಹುಡುಗಿಯರಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿತು. ಮರುವರ್ಷ ಹುಡುಗರಿಗೂ ಸಿಕ್ಕಿತು. ನಮ್ಮ ಏರಿನಲ್ಲಿ ಅದನ್ನು ತಳ್ಳಿಕೊಂಡೇ ಹೋಗಬೇಕು. ಆದರೂ ಮಕ್ಕಳು ಟಾರ್ ರೋಡಿನ ಬದಿಯ ಯಾರದೋ ಮನೆಯಲ್ಲಿ ಸೈಕಲ್ ಇಟ್ಟು, ಅಲ್ಲಿಂದ ತುಳಿದು ಹೋಗುತ್ತಿದ್ದರು. ಕೊರೊನಾ ಬಂದ ಮೇಲೆ ಆ ಯೋಜನೆ ನಿಂತಿತು. ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳು ಒಳ ಊರುಗಳಿಗೂ ಬಂದು, ಕಡಿಮೆ ದರದ ಪಾಸಿನಲ್ಲಿ ಮಕ್ಕಳನ್ನು ಕರೆದೊಯ್ಯುತ್ತಿದ್ದವು. ಕಾರ್ಮಿಕರೇ ಸೇರಿ ಕಟ್ಟಿದ್ದ ಆ ಸಂಸ್ಥೆ ನಷ್ಟ ತಾಳಲಾರದೆ 2020ರಲ್ಲಿ ಓಡಾಟ ನಿಲ್ಲಿಸಿತು. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹುಡುಗಿಯರಿಗೆ ಪ್ರಯಾಣ ಉಚಿತ, ನಿಜ. ಆದರೆ ನಮ್ಮ ರೂಟುಗಳಲ್ಲಿ ಖಾಸಗಿ ಬಸ್ಸೇ ಜಾಸ್ತಿ.

ಇತ್ತ ಶಾಲೆಯೊಳಗೆ ಬೆಂಚು ಖಾಲಿಯಾಗುತ್ತಾ ಬಂತು. ಹುಟ್ಟುವ ಮಕ್ಕಳೇ ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ತೋಟದ ಕೆಲಸ ಬಿಟ್ಟು ಬೆಂಗಳೂರು ಸೇರಿದವರ ಮಕ್ಕಳು ಅಲ್ಲೇ ಓದುತ್ತಾರೆ. ಪ್ರವೇಶ ಪರೀಕ್ಷೆ ಪಾಸಾದವರು ಆರನೇ ಕ್ಲಾಸಿಗೇ ಮೊರಾರ್ಜಿ ವಸತಿ ಶಾಲೆಗೆ ಹೋಗುತ್ತಾರೆ. ಇನ್ನು ಕೆಲವರನ್ನು ಬೆಳಿಗ್ಗೆ ಏಳೂವರೆಗೆ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನು ಮನೆ ಬಾಗಿಲಿಂದಲೇ ಹತ್ತಿಸಿಕೊಳ್ಳುತ್ತದೆ. ಆ ತಂದೆತಾಯಿಗಳನ್ನು ಬೈಯಲು ನನಗೆ ಮನಸ್ಸಿಲ್ಲ. ಮಳೆಗಾಲದಲ್ಲಿ ಉಂಬಳ (ಜಿಗಣೆ) ಕಚ್ಚಿಸಿಕೊಂಡು ಶಾಲೆಗೆ ನಡೆದವರೇ ಅವರು. ಮಗುವಿಗೆ ಆ ಕಷ್ಟ ಬೇಡ ಅನ್ನಿಸುವುದು ಸಹಜ.

ಕೊನೆಗೆ ಉಳಿಯುವವರು ಯಾರು? ವ್ಯಾನಿನ ಫೀಸು ಕಟ್ಟಲಾಗದ ಮನೆಯವರು, ಹಳ್ಳದಾಚೆಯವರು, ಹುಡುಗಿಯರು. ಇವರಿಗೆ ಕಾನೂನಿನ ಆಸರೆಯೂ ಅರ್ಧವೇ. ಶಿಕ್ಷಣ ಹಕ್ಕು ಕಾಯ್ದೆ 14 ವರ್ಷದವರೆಗೆ, ಅಂದರೆ ಎಂಟನೇ ಕ್ಲಾಸಿನವರೆಗೆ. ಒಂಬತ್ತು, ಹತ್ತು ಅದರೊಳಗೆ ಬರುವುದಿಲ್ಲ. ಐದು ಕಿಲೋಮೀಟರ್ ಒಳಗೆ ಹೈಸ್ಕೂಲು ಇರಬೇಕು ಎಂದು 2009ರ ಮಾಧ್ಯಮಿಕ ಶಿಕ್ಷಾ ಅಭಿಯಾನ ಗುರಿ ಇಟ್ಟಿತ್ತು. ಆ ಐದು ಕಿಲೋಮೀಟರನ್ನು ಜುಲೈನಲ್ಲಿ ನಡೆದು ಅಳೆಯಬೇಕು ಎನ್ನುವುದು ನನ್ನ ಮಾತು. ಮಾರ್ಚಿನಲ್ಲಿ ಹಾರಿ ದಾಟುವ ಹಳ್ಳವೇ ಜುಲೈನಲ್ಲಿ ಆಳುದ್ದ ಹರಿಯುತ್ತದೆ.

ಸಣ್ಣ ಶಾಲೆಗೆ ಇನ್ನೊಂದು ಕಷ್ಟ ಇದೆ. ಹೈಸ್ಕೂಲಿನಲ್ಲಿ ಒಂದೊಂದು ವಿಷಯಕ್ಕೆ ಒಬ್ಬೊಬ್ಬರೇ ಮೇಷ್ಟ್ರು. ಗಣಿತದವರು ವರ್ಗವಾಗಿ ಹೋದರೆ ಇಡೀ ಶಾಲೆಗೇ ಗಣಿತ ಇಲ್ಲ. ಅತಿಥಿ ಶಿಕ್ಷಕರು ಬರುವವರೆಗೆ ಕಾಯಬೇಕು. ಇಷ್ಟಾದರೂ ಎಸ್‌ಎಸ್‌ಎಲ್‌ಸಿಯಲ್ಲಿ ಶಿವಮೊಗ್ಗ ಜಿಲ್ಲೆ 2024ರಲ್ಲಿ ರಾಜ್ಯಕ್ಕೆ ಮೂರನೆಯದು, 2025ರಲ್ಲಿ ನಾಲ್ಕನೆಯದು. ಫೋನ್ ಮಾಡಿ ಮಕ್ಕಳನ್ನು ಬೆಳಗಿನ ಜಾವ ಎಬ್ಬಿಸುವ, ಮಳೆಗೆಂದು ಡಿಸಿ ರಜೆ ಕೊಟ್ಟ ದಿನಗಳ ಪಾಠವನ್ನು ಭಾನುವಾರ ಕೂತು ಮುಗಿಸುವ ಮೇಷ್ಟ್ರುಗಳ ದುಡಿಮೆಯೂ ಅದರಲ್ಲಿದೆ.

ಈಗ ದೊಡ್ಡ ಶಾಲೆಗಳ ಕಾಲ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದಿವೆ. ಲ್ಯಾಬು, ಲೈಬ್ರರಿ, ಎಲ್ಲ ವಿಷಯಕ್ಕೂ ಮೇಷ್ಟ್ರು ಒಂದೇ ಕಡೆ ಸಿಗುವುದು ಒಳ್ಳೆಯದೇ. ಆದರೆ ಅಲ್ಲಿಗೆ ಹೋಗುವ ವಾಹನ ಮೊದಲು ಬರಲಿ. ಮಳೆಗಾಲದಲ್ಲೂ ತಪ್ಪದೆ ಬರಲಿ. ಶಾಲಾ ಸಂಪರ್ಕ ಸೇತು ಯೋಜನೆಯಲ್ಲಿ ಕೆಲವು ಹಳ್ಳಗಳಿಗೆ ಕಾಂಕ್ರೀಟ್ ಕಾಲುಸಂಕ, ಅಂದರೆ ನಡೆದು ದಾಟುವ ಪುಟ್ಟ ಸೇತುವೆ ಬಂತು. ನಮ್ಮ ಹಳ್ಳಕ್ಕೆ ಇನ್ನೂ ಬಂದಿಲ್ಲ. ಮೇ ಕೊನೆಯಲ್ಲಿ ಊರಿನವರೇ ಅಡಿಕೆ ಮರ ಜೋಡಿಸಿ, ಹಿಡಿದುಕೊಳ್ಳಲು ಒಂದು ಕಡೆ ಬಿದಿರು ಕಟ್ಟಿದ್ದಾರೆ. ಆ ಹನ್ನೊಂದು ಮಕ್ಕಳಲ್ಲಿ ನಾಲ್ವರು ದಿನಾ ಅದರ ಮೇಲೆಯೇ ಬರುತ್ತಾರೆ.